ಮುಳ್ಳು ನಿಂತರೂ ನಡಿಗೆ ನಿಲ್ಲದಿರಲಿ

ಸುಬ್‌ಹಿ ನಮಾಝ್ ಮುಗಿಸಿ ಮಸೀದಿಯ ಗೇಟಿನಿಂದ ಹೊರಟು, ಹೊಳೆಯ ಸೇತುವೆ ಮುಟ್ಟಿ ವಾಪಸ್ ಬರುವ ಆರು ಮಂದಿ ನಾವು. ಇಬ್ಬರು ಮದ್ರಸದ ಉಸ್ತಾದರು, ಒಬ್ಬರು ಮೀನಿನ ವ್ಯಾಪಾರಿ, ಒಬ್ಬರು ದರ್ಜಿ, ಒಬ್ಬರು ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವರು. ಆರನೆಯವರು ಬಸ್ ಓಡಿಸಿ ನಿವೃತ್ತರಾದ ಹಿರಿಯರು, ಎಲ್ಲರಿಗೂ ಡ್ರೈವರ್ ಕಾಕ. ಏಳು ಗಂಟೆಗೆ ಮದ್ರಸದ ಬೆಲ್ ಹೊಡೆಯುವುದರೊಳಗೆ ನಮ್ಮ ನಡಿಗೆ ಮುಗಿಯಬೇಕು.

ಕಳೆದ ವರ್ಷ ಜಮಾಅತಿನವರು ಇಟ್ಟ ತಪಾಸಣಾ ಶಿಬಿರದಲ್ಲಿ ಆರರಲ್ಲಿ ನಾಲ್ಕು ಮಂದಿಗೆ ಸಕ್ಕರೆ ಜಾಸ್ತಿ ಅಂತ ಬಂತು. ಎಲ್ಲರಿಗೂ ಹೊಟ್ಟೆ ಇತ್ತು. ಈದುಲ್ ಫಿತ್ರ್ ಕಳೆದ ಮರುವಾರದಿಂದ ನಡೆಯಲು ಶುರು ಮಾಡಿದೆವು. ರಾತ್ರಿಯ ಅನ್ನ ಅರ್ಧ ಮಾಡಿದೆವು, ಸಂಜೆಯ ಸಮೋಸ ಬಿಟ್ಟೆವು. ಪ್ರತಿ ಜುಮುಅದ ದಿನ ಮೆಡಿಕಲ್ ಅಂಗಡಿಯ ಮುಂದಿನ ಮುಳ್ಳಿನ ಯಂತ್ರದ ಮೇಲೆ ಒಬ್ಬೊಬ್ಬರಾಗಿ ಹತ್ತಿ ನಿಲ್ಲುವುದು ಒಂದು ಹಬ್ಬದ ಹಾಗೆ ಆಯಿತು. ಏಪ್ರಿಲ್‌ನಲ್ಲಿ 92 ಕಿಲೋ ಇದ್ದ ಡ್ರೈವರ್ ಕಾಕ ಜುಲೈ ಆರಂಭಕ್ಕೆ 81ಕ್ಕೆ ಬಂದರು. ಉಳಿದವರೂ ನಾಲ್ಕು, ಐದು, ಏಳು ಕಿಲೋ ಇಳಿದೆವು. ಅಂಗಿ ಸಡಿಲವಾಯಿತು, ಸುಜೂದಿನಿಂದ ಏಳುವಾಗ ಮೊಣಕಾಲು ಹಿಡಿಯುವುದು ನಿಂತಿತು.

ಆಮೇಲೆ ಮುಳ್ಳು ನಿಂತಿತು. ಒಂದು ವಾರ, ಎರಡು ವಾರ, ಏಳು ವಾರ. ಕಾಕನದ್ದು 81, ದರ್ಜಿಯದ್ದು 74. ಒಂದು ಜುಮುಅಕ್ಕೆ ಅರ್ಧ ಕಿಲೋ ಇಳಿದರೆ ಮುಂದಿನ ಜುಮುಅಕ್ಕೆ ಅದೇ ಅರ್ಧ ಕಿಲೋ ವಾಪಸ್. 'ಎಂತ ಮಾರಾಯ್ರೆ, ಯಂತ್ರ ಕೆಟ್ಟಿದೆಯಾ?' ಅಂತ ಅಂಗಡಿಯವರನ್ನೇ ಕೇಳಿದ್ದುಂಟು. ಒಬ್ಬರು ನಡಿಗೆಗೆ ಬರುವುದು ಕಮ್ಮಿ ಮಾಡಿದರು. ಇನ್ನೊಬ್ಬರು 'ನಮ್ಮ ಹಣೆಬರಹ ಇಷ್ಟೇ' ಅಂತ ಸಮೋಸಕ್ಕೆ ಮರಳಿದರು. ಡ್ರೈವರ್ ಕಾಕ ಮಾತ್ರ ಹಟ ಹಿಡಿದರು. ಯಾರಿಗೂ ಹೇಳದೆ ರಾತ್ರಿಯ ಊಟ ಪೂರ್ತಿ ಬಿಟ್ಟು, ಮೊಬೈಲಿನ ಜಾಹೀರಾತು ನೋಡಿ ತರಿಸಿದ ಒಂದು ಪುಡಿಯನ್ನು ನೀರಿಗೆ ಹಾಕಿ ಕುಡಿಯಲು ಶುರು ಮಾಡಿದರು. ಸಕ್ಕರೆಯ ಮಾತ್ರೆ ಮಾತ್ರ ಎಂದಿನಂತೆ ನಡೆದಿತ್ತು.

ಐದನೇ ದಿನ ಸುಬ್‌ಹಿ ನಮಾಝಿನಲ್ಲಿ ರುಕೂವಿನಿಂದ ಏಳುವಾಗ ಅವರು ಪಕ್ಕದವರ ಮೇಲೆ ವಾಲಿದರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಜೀವ ಉಳಿಸಲು ನಮಾಝ್ ಮುರಿಯುವುದು ಕಡ್ಡಾಯ ಎಂದು ಮಕ್ಕಳಿಗೆ ಪಾಠ ಹೇಳುವ ನಾವು ಅಂದು ಅದನ್ನು ಮಾಡಿ ನೋಡಬೇಕಾಯಿತು. ಪ್ರಜ್ಞೆ ಇದ್ದುದರಿಂದ ಸಕ್ಕರೆ ನೀರು ಕುಡಿಸಿದೆವು, ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತದ ಸಕ್ಕರೆ ತೀರಾ ಕೆಳಗಿಳಿದಿತ್ತು. ಅಲ್‌ಹಮ್ದುಲಿಲ್ಲಾಹ್, ಸಂಜೆಗೆ ಮನೆಗೆ ಬಂದರು. ಆದರೆ ಅವರನ್ನು ನೋಡಿದ ವೈದ್ಯರು ಕೇಳಿದ ಒಂದು ಪ್ರಶ್ನೆ ನಮ್ಮೆಲ್ಲರನ್ನೂ ಯೋಚನೆಗೆ ಹಚ್ಚಿತು: 'ತೂಕ ಯಾಕೆ ನಿಂತಿತು ಅಂತ ತಿಳಿಯುವ ಮೊದಲೇ ಅದರ ಜೊತೆ ಜಗಳಕ್ಕೆ ಹೋದದ್ದು ಯಾಕೆ?'

ಈ ಬರಹ ಆ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರ. ನಮ್ಮ ಮನೆಗಳಲ್ಲಿ ಎಷ್ಟೋ ಮಂದಿ ಇದೇ ಜಾಗಕ್ಕೆ ಬಂದು ಕೈಬಿಡುವುದನ್ನು ನೋಡಿದ್ದೇವೆ. ಅವರಿಗಾಗಿ ಬರೆಯುತ್ತಿದ್ದೇವೆ.

ಇಳಿಸಿಟ್ಟ ಅಕ್ಕಿಮೂಟೆ

ಹತ್ತು ಕಿಲೋದ ಅಕ್ಕಿಮೂಟೆಯನ್ನು ಹೆಗಲ ಮೇಲೆ ಹೊತ್ತು ಇಡೀ ದಿನ ತಿರುಗಾಡುವ ಒಬ್ಬ ಮನುಷ್ಯನನ್ನು ನೆನೆಸಿಕೊಳ್ಳಿ. ಮೆಟ್ಟಿಲು ಹತ್ತಲು, ಏಳಲು, ಕೂರಲು ಎಲ್ಲಕ್ಕೂ ಅವನಿಗೆ ಹೆಚ್ಚು ಶಕ್ತಿ ಬೇಕು. ಮೂಟೆ ಇಳಿಸಿದ ದಿನದಿಂದ ಅಷ್ಟು ಶಕ್ತಿ ಬೇಡ. ತೂಕ ಇಳಿದವರ ದೇಹದಲ್ಲಿ ಆಗುವುದೂ ಇದೇ. ಚಿಕ್ಕದಾದ ದೇಹದ ಖರ್ಚೂ ಚಿಕ್ಕದು.

ಸ್ಥೂಲ ಲೆಕ್ಕದಲ್ಲಿ, ಒಂದು ಕಿಲೋ ತೂಕ ಇಳಿದರೆ ದೇಹದ ದಿನದ ಖರ್ಚು 20ರಿಂದ 25 ಕ್ಯಾಲರಿಯಷ್ಟು ಕಮ್ಮಿಯಾಗುತ್ತದೆ. ಕಾಕ ಇಳಿಸಿದ್ದು 11 ಕಿಲೋ. ಅಂದರೆ ಅವರ ದೇಹಕ್ಕೆ ಈಗ ದಿನಕ್ಕೆ ಸುಮಾರು 250 ಕ್ಯಾಲರಿ ಕಮ್ಮಿ ಸಾಕು. ಬೇಯಿಸಿದ 100 ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲರಿ ಇರುತ್ತದೆ. ಹಾಗಾದರೆ ಇದು ಹತ್ತಿರ ಹತ್ತಿರ ಎರಡು ಸೌಟು ಅನ್ನದ ಲೆಕ್ಕ. ಏಪ್ರಿಲ್‌ನಲ್ಲಿ ತೂಕ ಇಳಿಸುತ್ತಿದ್ದ ಬಟ್ಟಲು ಆಗಸ್ಟ್‌ನಲ್ಲಿ ಅದೇ ತೂಕವನ್ನು ಕಾಯುವ ಬಟ್ಟಲಾಗಿತ್ತು. ಬಟ್ಟಲು ಬದಲಾಗಲಿಲ್ಲ, ತಿನ್ನುವ ಮನುಷ್ಯ ಬದಲಾಗಿದ್ದ.

ಇನ್ನೊಂದು ಕಾರಣ ನಮ್ಮ ಕೈಯಲ್ಲಿಲ್ಲ. ಹಸಿವನ್ನು ಹತೋಟಿಯಲ್ಲಿಡುವ ಲೆಪ್ಟಿನ್ ಎಂಬ ಹಾರ್ಮೋನನ್ನು 1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಗುರುತಿಸಿದರು. ಅದು ಹುಟ್ಟುವುದು ನಮ್ಮ ಕೊಬ್ಬಿನಲ್ಲೇ. ಕೊಬ್ಬು ಕರಗಿದಂತೆ ಲೆಪ್ಟಿನ್ ಇಳಿಯುತ್ತದೆ, ಮೆದುಳಿಗೆ 'ಬರಗಾಲ ಬಂದಿದೆ, ತಿನ್ನು' ಎಂಬ ಸಂದೇಶ ಹೋಗುತ್ತದೆ. ಹಸಿವು ಹೆಚ್ಚುತ್ತದೆ, ದೇಹ ಖರ್ಚನ್ನು ಇನ್ನಷ್ಟು ಬಿಗಿ ಮಾಡುತ್ತದೆ. ತೂಕ ಇಳಿಸಿದವನಿಗೆ ಹಸಿವು ಜಾಸ್ತಿಯಾದರೆ ಅದು ಆಸೆಬುರುಕುತನ ಅಲ್ಲ. ಅಲ್ಲಾಹನು ಬರಗಾಲದಲ್ಲಿ ಜೀವ ಕಾಯಲೆಂದು ದೇಹದೊಳಗೆ ಇಟ್ಟ ಕಾವಲು ಅದು.

ಇಷ್ಟು ತಿಳಿದ ಮೇಲೆ ನಮ್ಮ ಮನಸ್ಸಿಗೆ ಎಷ್ಟೋ ಹಗುರವಾಯಿತು. ಮುಳ್ಳು ನಿಂತದ್ದು ನಾವು ಸೋತದ್ದಕ್ಕಲ್ಲ. ಗೆದ್ದಷ್ಟಕ್ಕೆ ದೇಹ ಹೊಂದಿಕೊಂಡದ್ದಕ್ಕೆ.

ಒಂದು ವಾರದ ಹಾಜರಿ ಪುಸ್ತಕ

ವೈದ್ಯರು ಹೇಳಿದ ಮೊದಲ ಕೆಲಸ ಏನನ್ನೂ ಬಿಡಬೇಡಿ, ಒಂದು ವಾರ ಬರೆದಿಡಿ ಎಂದು. ಮದ್ರಸದ ಹಾಜರಿ ಪುಸ್ತಕದ ಹಾಗೆ ಆರು ಜನರಿಗೆ ಆರು ಕಾಲಂ ಹಾಕಿದೆವು. ಬಾಯಿಗೆ ಹೋದದ್ದೆಲ್ಲ ಬರೆಯಬೇಕು, ನಾಚಿಕೆ ಇಲ್ಲ. ವಾರದ ಕೊನೆಗೆ ಓದಿದಾಗ ಎಲ್ಲರಿಗೂ ನಗು ಬಂತು.

ಚಹಾ ದಿನಕ್ಕೆ ಎರಡು ಅಂತ ಎಲ್ಲರೂ ಹೇಳುತ್ತಿದ್ದೆವು. ಪುಸ್ತಕದಲ್ಲಿ ಐದು ಇತ್ತು. ಮನೆಯಲ್ಲಿ ಒಂದು, ಮದ್ರಸದಲ್ಲಿ ಒಂದು, ಅಂಗಡಿಯಲ್ಲಿ ಒಂದು, ಬಂದ ಅತಿಥಿಯ ಜೊತೆ ಒಂದು, ಅಸರ್ ಕಳೆದ ಮೇಲೆ ಒಂದು. ಲೋಟಕ್ಕೆ ಎರಡು ಚಮಚ ಸಕ್ಕರೆಯಾದರೆ ಹತ್ತು ಚಮಚ, ಅಂದರೆ 40ರಿಂದ 50 ಗ್ರಾಂ. ಅದರಲ್ಲೇ 160ರಿಂದ 200 ಕ್ಯಾಲರಿ, ಹಾಲಿನ ಲೆಕ್ಕ ಬೇರೆ.

ಎಣ್ಣೆಯದ್ದು ಇನ್ನೊಂದು ಕಥೆ. ನಮ್ಮ ಮನೆಗಳಲ್ಲಿ ಎಣ್ಣೆಯನ್ನು ಬಾಟಲಿಯಿಂದ ನೇರ ಹಾಕುವುದು ರೂಢಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲರಿ. ಬಂಗುಡೆ ಒಳ್ಳೆಯದೇ, ಆದರೆ ಸಾರಿನ ಬಂಗುಡೆಯೂ ಕಾವಲಿಯಲ್ಲಿ ಎಣ್ಣೆ ಕುಡಿದ ಬಂಗುಡೆಯೂ ಒಂದೇ ಅಲ್ಲ. ಮೀನಿನ ವ್ಯಾಪಾರಿಯ ಮನೆಯಲ್ಲಿ ದಿನಾ ಎರಡು ಹೊತ್ತು ಹುರಿದ ಮೀನು. 'ನಾನು ಅನ್ನವೇ ತಿನ್ನುವುದಿಲ್ಲ, ಮೀನು ಮಾತ್ರ' ಎನ್ನುತ್ತಿದ್ದರು ಅವರು.

ನಾವು ಉಸ್ತಾದರದ್ದು ಬೇರೆಯೇ ಕಷ್ಟ. ನಮಗೆ ಊಟ ಬರುವುದು ಸರದಿಯಂತೆ ಮನೆಮನೆಗಳಿಂದ. ಉಸ್ತಾದರಿಗೆ ಎಂದು ಪಿಂಡಿಗೆ ಎರಡು ತುಂಡು ಮಾಂಸ ಹೆಚ್ಚು, ನೈಚೋರಿಗೆ ಒಂದು ಚಮಚ ತುಪ್ಪ ಹೆಚ್ಚು. ಪ್ರೀತಿಯಿಂದ ಕಳಿಸಿದ್ದನ್ನು ಉಳಿಸಿದರೆ ಪಾಪ ಎಂಬ ಭಾವನೆ ನಮಗೆ. ಕೊನೆಗೆ ಒಂದು ದಿನ ಧೈರ್ಯ ಮಾಡಿ ಮಕ್ಕಳ ಕೈಯಲ್ಲಿ ಹೇಳಿ ಕಳಿಸಿದೆವು: ಉಸ್ತಾದರಿಗೆ ಅನ್ನ ಇಷ್ಟೇ ಸಾಕು, ಪಲ್ಯ ಜಾಸ್ತಿ ಇರಲಿ. ಯಾರೂ ಬೇಸರ ಮಾಡಲಿಲ್ಲ. ಕೆಲವು ಮನೆಗಳಿಂದ 'ನಮಗೂ ಹಾಗೇ ಮಾಡಬೇಕಿತ್ತು, ನೀವು ಹೇಳಿದ್ದು ಒಳ್ಳೆಯದಾಯ್ತು' ಎಂಬ ಉತ್ತರ ಬಂತು.

ಹಾಜರಿ ಪುಸ್ತಕದ ಕೊನೆಯ ಕಾಲಂ ನಡಿಗೆಯದ್ದು. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೆ ಆರು ದಿನ ನಡೆದಿದ್ದೆವು. ಜೂನ್‌ನಲ್ಲಿ ನಮ್ಮ ಕರಾವಳಿಯ ಮಳೆ ಶುರು. ಜುಲೈ, ಆಗಸ್ಟ್‌ನಲ್ಲಿ ವಾರಕ್ಕೆ ಎರಡು ದಿನ ನಡೆದರೆ ಹೆಚ್ಚು. ಮಳೆಗೆ ಬಿಸಿ ಚಹಾ, ಬಜ್ಜಿ, ಬಕ್ರೀದಿನಿಂದ ಫ್ರಿಜ್ಜಿನಲ್ಲಿ ಉಳಿದ ಮಾಂಸ. ಮುಳ್ಳು ನಿಂತದ್ದರಲ್ಲಿ ಆಶ್ಚರ್ಯ ಇರಲಿಲ್ಲ.

ಮತ್ತೆ ಹೊರಟದ್ದು ಹೇಗೆ

ದೊಡ್ಡ ಬದಲಾವಣೆ ಯಾವುದನ್ನೂ ಮಾಡಲಿಲ್ಲ. ಕಾಕನ ಘಟನೆಯ ನಂತರ ಹಟ ಬೇಡ ಎಂದು ಎಲ್ಲರೂ ಒಪ್ಪಿದೆವು. ಕಾಕನ ಮಾತ್ರೆಯ ಪ್ರಮಾಣವನ್ನು ವೈದ್ಯರು ಮೊದಲು ಸರಿ ಮಾಡಿದರು. ಇದನ್ನು ಒತ್ತಿ ಹೇಳುತ್ತೇವೆ: ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಮ್ಮಿ ಮಾಡುವ ಮೊದಲು, ಉಪವಾಸ ಹಿಡಿಯುವ ಮೊದಲು ವೈದ್ಯರನ್ನು ಕೇಳಲೇಬೇಕು. ಊಟ ಇಳಿದು ಮಾತ್ರೆ ಇಳಿಯದಿದ್ದರೆ ಕೆಲವು ಮಾತ್ರೆಗಳಿಂದ ಜೀವಕ್ಕೇ ಅಪಾಯ ಉಂಟು.

ಆಮೇಲೆ ಮಧ್ಯಾಹ್ನದ ಅನ್ನದಿಂದ ಒಂದು ಸೌಟು ತೆಗೆದೆವು, ಆ ಜಾಗಕ್ಕೆ ತೊಂಡೆ, ಬಸಳೆ, ಹರಿವೆ, ಸೌತೆ ಬಂತು. ಚಹಾ ಮೂರಕ್ಕಿಳಿಯಿತು, ಸಕ್ಕರೆ ಅರ್ಧ ಚಮಚ. ಮೀನು ವಾರದಲ್ಲಿ ಐದು ದಿನ ಸಾರಿನದ್ದು. ಬೆಳಿಗ್ಗೆ ಮೂರು ಪತ್ತಿರ್ ಇದ್ದಲ್ಲಿ ಎರಡು ಪತ್ತಿರ್ ಮತ್ತು ಒಂದು ಮೊಟ್ಟೆ ಅಥವಾ ಕಡಲೆಯ ಸಾರು. ಮೀನು, ಮೊಟ್ಟೆ, ಕಡಲೆ, ಹೆಸರು ಇವುಗಳಲ್ಲಿರುವ ಪ್ರೋಟೀನ್ ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿಸಿಡುತ್ತದೆ, ತೂಕ ಇಳಿಯುವಾಗ ಸ್ನಾಯು ಸವೆಯದಂತೆ ಕಾಯುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲಿ.

ಸ್ನಾಯುವಿಗೂ ಕೆಲಸ ಕೊಟ್ಟೆವು. ಬರೀ ಊಟ ಕಮ್ಮಿ ಮಾಡಿ ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಸ್ನಾಯು ಹೋದರೆ ದೇಹದ ಖರ್ಚು ಮತ್ತಷ್ಟು ಕಮ್ಮಿ. ಅದಕ್ಕೆ ಜಿಮ್ ಬೇಡ. ಕುರ್ಚಿಯಲ್ಲಿ ಕೂತು ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ನೀರು ತುಂಬಿದ ಎರಡು ಕ್ಯಾನ್ ಹಿಡಿದು ಅಂಗಳದಲ್ಲಿ ನಡೆಯುವುದು. ವಾರಕ್ಕೆ ಮೂರು ದಿನ, ಹದಿನೈದು ನಿಮಿಷ. ಮಳೆ ಬಂದ ದಿನ ಮದ್ರಸದ ಖಾಲಿ ವರಾಂಡದಲ್ಲೇ ಸುತ್ತು ಹಾಕಿದೆವು. ಮಕ್ಕಳು ಬರುವ ಮೊದಲು ಉಸ್ತಾದರು ಬೆಂಚು ಹಿಡಿದು ಬಗ್ಗುವುದನ್ನು ನೋಡಿ ಒಬ್ಬ ಹುಡುಗ ಮನೆಗೆ ಹೋಗಿ ವರದಿ ಒಪ್ಪಿಸಿದ್ದೂ ಆಯಿತು.

ನಿದ್ದೆಯ ವಿಷಯ ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇಶಾ ಕಳೆದು ಹನ್ನೆರಡು ಗಂಟೆ ತನಕ ಮೊಬೈಲ್, ಸುಬ್‌ಹಿಗೆ ಏಳಬೇಕು. ಐದು ಗಂಟೆಯೂ ನಿದ್ದೆ ಇಲ್ಲ. ನಿದ್ದೆ ಕಮ್ಮಿಯಾದರೆ ಮರುದಿನ ಹಸಿವು ಜಾಸ್ತಿ, ಅದರಲ್ಲೂ ಸಿಹಿ ಮತ್ತು ಕರಿದದ್ದರ ಮೇಲೆ. ಇಶಾ ನಂತರ ಮಾತುಕತೆ ಬೆಳೆಸದೆ ಬೇಗ ಮಲಗುವ ಸುನ್ನತ್ ನಮಗೆ ಗೊತ್ತಿರದ್ದಲ್ಲ, ಬಿಟ್ಟಿದ್ದೆವು ಅಷ್ಟೆ.

ಮನೆಯೊಳಗಿನವರ ಮಾತು

ಗಂಡಸರು ಹೊಳೆಯ ಸೇತುವೆ ತನಕ ಹೋಗಿ ಬರುತ್ತೇವೆ. ಮನೆಯ ಹೆಂಗಸರಿಗೆ ಆ ಹೊತ್ತಿನಲ್ಲಿ ಮಕ್ಕಳ ಟಿಫಿನ್, ಮದ್ರಸಕ್ಕೆ ಹೊರಡಿಸುವ ಗಡಿಬಿಡಿ. ನಮ್ಮ ಮನೆಗಳಲ್ಲೂ ಕೆಲವರು ತೂಕ ಇಳಿಸಲು ಹೊರಟು ನಿಂತವರಿದ್ದರು. ಅವರ ಪುಸ್ತಕ ಬರೆಸಿ ನೋಡಿದಾಗ ತಟ್ಟೆಯಲ್ಲಿ ಅನ್ನ ಕಮ್ಮಿಯೇ ಇತ್ತು. ಲೆಕ್ಕ ತಪ್ಪಿದ್ದು ಅಡುಗೆ ಮಾಡುವಾಗ ರುಚಿ ನೋಡಿದ್ದರಲ್ಲಿ, ಮಕ್ಕಳು ಬಿಟ್ಟ ಅರ್ಧ ಪತ್ತಿರ್, ಒಂದು ತುಂಡು ಕಬಾಬ್ 'ಹಾಳಾಗಬಾರದು' ಅಂತ ತಿಂದದ್ದರಲ್ಲಿ. ಅನ್ನ ಹಾಳು ಮಾಡಬಾರದು ಎನ್ನುವುದು ಸರಿ. ಅದಕ್ಕೆ ದಾರಿ ಮಕ್ಕಳಿಗೆ ಕಮ್ಮಿ ಬಡಿಸಿ ಮತ್ತೆ ಕೇಳಿದರೆ ಕೊಡುವುದು, ತಾಯಿಯ ಹೊಟ್ಟೆ ಅದಕ್ಕೆ ಪಾತ್ರೆಯಲ್ಲ.

ನಮ್ಮಲ್ಲೊಬ್ಬರ ಮನೆಯಲ್ಲಿ ಮಾತ್ರ ಪುಸ್ತಕದಲ್ಲಿ ಏನೂ ತಪ್ಪು ಸಿಗಲಿಲ್ಲ. ಕಮ್ಮಿ ತಿಂದರೂ ತೂಕ ಏರುತ್ತಿತ್ತು, ಸುಸ್ತು, ಕೂದಲು ಉದುರುವುದು, ಚಳಿ ತಡೆಯದಿರುವುದು. ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಕಮ್ಮಿ ಇತ್ತು. ಎರಡು ವರ್ಷ ಮನೆಯವರೆಲ್ಲ 'ನೀನು ಕದ್ದು ತಿನ್ನುತ್ತೀ' ಅಂತ ತಮಾಷೆ ಮಾಡಿದ್ದರು. ಅವರು ಅತ್ತದ್ದು ಆ ತಮಾಷೆ ನೆನೆದು, ಕಾಯಿಲೆಗಲ್ಲ. ಪಿಸಿಒಡಿ ಇದ್ದರೂ ತೂಕ ಇಳಿಯುವುದು ಕಷ್ಟ. ಸ್ಟಿರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ತೂಕ ಏರಿಸುವುದುಂಟು. ಎಲ್ಲ ಸರಿ ಮಾಡಿಯೂ ಎರಡು ಮೂರು ತಿಂಗಳು ಏನೂ ಆಗದಿದ್ದರೆ ಯಾರನ್ನೂ ದೂರುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ.

ಉಪವಾಸ ಮತ್ತು ಸಲ್ಕಾರ

'ಸೋಮವಾರ, ಗುರುವಾರ ಸುನ್ನತ್ ಉಪವಾಸ ಹಿಡಿದರೆ ತೂಕ ಇಳಿಯುತ್ತದಾ ಉಸ್ತಾದ್?' ಎಂದು ಹಲವರು ಕೇಳುತ್ತಾರೆ. ಉಪವಾಸದ ನಿಯ್ಯತ್ ಅಲ್ಲಾಹನಿಗಾಗಿ. ದೇಹ ಹಗುರವಾದರೆ ಅದು ಜೊತೆಗೆ ಬಂದ ಲಾಭ. ಆದರೆ ಮಗ್ರಿಬ್ ಬಾಂಗ್ ಆದ ಮೇಲೆ ಶರಬತ್ತು, ಸಮೋಸ, ಕಟ್ಲೆಟ್, ಆಮೇಲೆ ಬಿರಿಯಾನಿ ಎಂದು ಎರಡು ಹೊತ್ತಿನದ್ದನ್ನು ಒಂದೇ ಹೊತ್ತಿಗೆ ತಿಂದರೆ ರಮಝಾನ್ ಮುಗಿಯುವಾಗ ತೂಕ ಹೆಚ್ಚಾಗುತ್ತದೆ. ಅದನ್ನು ಪ್ರತಿ ವರ್ಷ ನೋಡುತ್ತಿದ್ದೇವೆ. ಹೊಟ್ಟೆಯಲ್ಲಿ ಒಂದು ಪಾಲು ಊಟಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಬಿಡಬೇಕೆಂಬ ಪ್ರವಾದಿ (ಸ.ಅ.) ಅವರ ಬೋಧನೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ದೊಡ್ಡವರ ಸುಪ್ರದಲ್ಲಿ ಅದು ಕಾಣುವುದು ಕಮ್ಮಿ.

ಮದುವೆಯ ಸೀಸನ್‌ನಲ್ಲಿ ವಾರಕ್ಕೆ ಮೂರು ಬಿರಿಯಾನಿ ತಪ್ಪಿದ್ದಲ್ಲ. ಕರೆದಲ್ಲಿಗೆ ಹೋಗುವುದು ನಮ್ಮ ಕರ್ತವ್ಯ, ಎರಡನೇ ಸಲ ಬಡಿಸಿಕೊಳ್ಳುವುದು ಕರ್ತವ್ಯ ಅಲ್ಲ. ಬಡಿಸುವವರಲ್ಲೂ ಒಂದು ಮಾತು: ಬೇಡ ಎಂದವರ ತಟ್ಟೆಗೆ ಒತ್ತಾಯದಿಂದ ಹಾಕುವುದನ್ನು ಸಲ್ಕಾರ ಎನ್ನಬೇಡಿ. ಅವರ ಮನೆಯಲ್ಲಿ ಸಕ್ಕರೆಯ ಮಾತ್ರೆಯ ಡಬ್ಬಿ ಇದೆಯೋ ಎಂದು ನಮಗೆ ಗೊತ್ತಿರುವುದಿಲ್ಲ.

ಮುಳ್ಳೊಂದೇ ಸಾಕ್ಷಿ ಅಲ್ಲ

ತೂಕದ ಯಂತ್ರ ಒಂದೊಂದು ದಿನ ಒಂದೊಂದು ಮಾತು ಹೇಳುತ್ತದೆ. ನಿನ್ನೆ ಒಣಮೀನಿನ ಚಟ್ನಿ, ಉಪ್ಪಿನಕಾಯಿ ತಿಂದಿದ್ದರೆ ಉಪ್ಪು ನೀರನ್ನು ಹಿಡಿದಿಟ್ಟು ಒಂದು ಕಿಲೋ ಹೆಚ್ಚು ತೋರಿಸಬಹುದು. ಹೆಂಗಸರಿಗೆ ತಿಂಗಳ ಕೆಲವು ದಿನ ಹಾಗೆಯೇ. ಶುರುವಿನ ವಾರಗಳಲ್ಲಿ ಸರಸರ ಇಳಿದದ್ದರಲ್ಲೂ ಬಹುಪಾಲು ನೀರೇ. ಆದ್ದರಿಂದ ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನೋಡಿ, ನಾಲ್ಕು ವಾರದ್ದನ್ನು ಕೂಡಿಸಿ ಹೋಲಿಸಿ. ದರ್ಜಿಯ ಅಂಗಡಿಯ ಟೇಪನ್ನೂ ಜೊತೆಗೆ ಇಟ್ಟುಕೊಳ್ಳಿ. ನಮ್ಮ ದೇಶದವರಿಗೆ ಹೇಳುವ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80.

ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಇಲ್ಲಿ ಹೇಳಲೇಬೇಕು. ಸಕ್ಕರೆ ಕಾಯಿಲೆಯ ಬಾಗಿಲಲ್ಲಿ ನಿಂತಿದ್ದ 531 ಮಂದಿಯನ್ನು ಅವರು ಸುಮಾರು ಮೂರು ವರ್ಷ ಗಮನಿಸಿದರು. ಏನೂ ವಿಶೇಷ ಸಲಹೆ ಸಿಗದ ಗುಂಪಿನಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ದಿನಾ ಅರ್ಧ ಗಂಟೆ ನಡೆದು, ಸಕ್ಕರೆ, ಕೊಬ್ಬು ಕಮ್ಮಿ ಮಾಡಿದ ಗುಂಪಿನಲ್ಲಿ ಅದು ನೂರಕ್ಕೆ 39ರಷ್ಟು. ಮುಖ್ಯ ಸಂಗತಿ ಏನೆಂದರೆ ಆ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಮುಳ್ಳು ನಿಂತಿತ್ತು, ಆದರೂ ನಡಿಗೆ ಒಳಗೊಳಗೆ ಕೆಲಸ ಮಾಡಿತ್ತು.

ಇದನ್ನು ನಾವು ಕಣ್ಣಾರೆ ಕಂಡೆವು. ಬದಲಾವಣೆ ಶುರು ಮಾಡಿದ ಮೇಲೂ ನಾಲ್ಕು ವಾರ ಮುಳ್ಳು ಅಲುಗಲಿಲ್ಲ. ಐದನೇ ಜುಮುಅಕ್ಕೆ ಕಾಕ 80ಕ್ಕೆ ಬಂದರು. ಈಗ 78ರಲ್ಲಿ ಇದ್ದಾರೆ, ಇನ್ನೂ ಇಳಿಯಲೇಬೇಕೆಂಬ ಹಟ ಇಲ್ಲ. ದರ್ಜಿ ಇವತ್ತಿಗೂ 74ರಲ್ಲೇ. ಆದರೆ ಅವರ ಸೊಂಟ 98ರಿಂದ 93ಕ್ಕೆ ಇಳಿದಿದೆ, ಸಕ್ಕರೆಯೂ ಹತೋಟಿಗೆ ಬಂದಿದೆ. ತಮ್ಮದೇ ಪ್ಯಾಂಟನ್ನು ತಾವೇ ಹಿಡಿಸಿಕೊಂಡು 'ಮುಳ್ಳಿಗಿಂತ ನನ್ನ ಟೇಪ್ ಸತ್ಯ ಹೇಳುತ್ತದೆ' ಎನ್ನುತ್ತಾರೆ.

ಕರ್ಮಗಳಲ್ಲಿ ಅಲ್ಲಾಹನಿಗೆ ಅತಿ ಪ್ರಿಯವಾದದ್ದು ಚಿಕ್ಕದಾದರೂ ಬಿಡದೆ ಮಾಡುವ ಕರ್ಮ ಎಂದು ಪ್ರವಾದಿ (ಸ.ಅ.) ಅವರು ಕಲಿಸಿದ್ದಾರೆ. ಕುರ್‌ಆನ್ ಕಲಿಯುವ ಮಗು ಒಂದೇ ಪುಟದಲ್ಲಿ ಮೂರು ವಾರ ನಿಂತರೆ ನಾವು ಪುಸ್ತಕ ಮುಚ್ಚಿಸುವುದಿಲ್ಲ. ನಿಧಾನ ಮಾಡು, ಅದೇ ಪುಟ ಮತ್ತೆ ಓದು ಎನ್ನುತ್ತೇವೆ. ಒಂದು ದಿನ ಅದು ತಾನಾಗಿ ಮುಂದಿನ ಪುಟ ತಿರುಗಿಸುತ್ತದೆ. ನಮ್ಮ ದೇಹಕ್ಕೂ ಅಷ್ಟು ಸಬ್ರ್ ತೋರಿಸೋಣ. ಅದು ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್.

ಡ್ರೈವರ್ ಕಾಕ ಈಗ ಮತ್ತೆ ಮೊದಲ ಸಫ್‌ನಲ್ಲಿ ನಿಲ್ಲುತ್ತಾರೆ. ನಡಿಗೆಗೆ ಬರುವುದನ್ನು ಬಿಟ್ಟವರೂ ಮರಳಿದ್ದಾರೆ, ಇನ್ನೂ ಮೂವರು ಸೇರಿ ನಾವೀಗ ಒಂಬತ್ತು ಮಂದಿ. ನಿಮ್ಮ ಮೊಹಲ್ಲಾದಲ್ಲೂ ಸುಬ್‌ಹಿ ಕಳೆದು ಯಾರಾದರೂ ಇಬ್ಬರು ಹೊರಡಿ, ಉಳಿದವರು ತಾವಾಗಿ ಸೇರುತ್ತಾರೆ. ಎಲ್ಲರಿಗೂ ಅಲ್ಲಾಹನು ಆರೋಗ್ಯ ಮತ್ತು ಅದನ್ನು ಕಾಯುವ ತೌಫೀಕ್ ನೀಡಲಿ. ಆಮೀನ್.